ರೈಲು ತಡೆದವರು, ಪಟ್ಟಿ ಬರೆದವಳು

ವಾಡಿ ಜಂಕ್ಷನ್ನಿನಿಂದ ಸೇಡಂ ಕಡೆಗೆಂದು ರಾತ್ರಿ ಒಂದು ರೈಲು ಹೊರಟಿತೆನ್ನಿ. ಅದು ಹೋಗುತ್ತಿರುವುದು ಶಹಾಬಾದಿನ ಕಡೆಗೆ. ಆದರೆ ಅಲ್ಲಿನ ಸ್ಟೇಷನ್ನಿನಲ್ಲಿ ಯಾರೋ ‘ಮಳಖೇಡ ರೋಡ್’ ಎಂಬ ಹಲಗೆ ತೂಗುಹಾಕಿದ್ದಾರೆ. ಕಿಟಕಿಯಿಂದ ನೋಡುವವನಿಗೆ ದಿಕ್ಕು ತಪ್ಪಿದ್ದು ತಿಳಿದೀತೆ? 1964ರ ‘ದಿ ಟ್ರೇನ್’ ಚಿತ್ರದಲ್ಲಿ ಫ್ರಾನ್ಸಿನ ರೈಲ್ವೆ ನೌಕರರು ಹೂಡುವ ಉಪಾಯ ಇದೇ. ಪ್ಯಾರಿಸ್ಸಿನಿಂದ ಕದ್ದ ವರ್ಣಚಿತ್ರಗಳನ್ನು ಹೇರಿಕೊಂಡ ಜರ್ಮನ್ ಸೇನಾಧಿಕಾರಿ ತನ್ನ ದೇಶ ಸೇರಿದೆನೆಂದು ನಂಬುತ್ತಾನೆ. ರೈಲು ಸುತ್ತುಹಾಕಿ ಹೊರಟಲ್ಲಿಗೇ ಮರಳುತ್ತದೆ.

ಕಾಲೇಜಿನ ದಿನಗಳಲ್ಲಿ ನನ್ನನ್ನು ಹಿಡಿದಿಟ್ಟದ್ದು ಎಂಜಿನ್ನುಗಳ ಡಿಕ್ಕಿ. ಆಟಿಕೆಯ ಮಾದರಿಗಳಲ್ಲ, ನಿಜವಾದ ಉಗಿ ಎಂಜಿನ್ನುಗಳು! ಈಚೆಗೆ ಮತ್ತೆ ನೋಡಿದಾಗ, ಆರಂಭದಲ್ಲಿ ಕೆಲವೇ ನಿಮಿಷ ಬಂದುಹೋಗುವ ವಿಲಾರ್ ಎಂಬ ಮಹಿಳೆಯ ಮೇಲೆ ಕಣ್ಣು ನಿಂತಿತು. ಆಕೆಯ ಮೂಲ ರೋಸ್ ವಲಾಂ. ಪ್ಯಾರಿಸ್ಸಿನ ‘ಜ ದ ಪೋಮ್’ ಸಂಗ್ರಹಾಲಯದ ಈಕೆ ತನಗೆ ಜರ್ಮನ್ ಬರುತ್ತದೆಂಬುದನ್ನೇ ಮುಚ್ಚಿಟ್ಟು, ನಾಲ್ಕು ವರ್ಷ ಯಾವ ಚಿತ್ರ ಯಾರದು, ಎಲ್ಲಿಗೆ ಹೋಯಿತೆಂದು ಗುಟ್ಟಾಗಿ ಬರೆದಿಟ್ಟಳು.

ನಿಜವಾದ ರೈಲಿಗೆ ಡಿಕ್ಕಿಯೇನೂ ಬೇಕಾಗಲಿಲ್ಲ. 1944ರ ಆಗಸ್ಟಿನಲ್ಲಿ 148 ಪೆಟ್ಟಿಗೆಗಳು ಐದು ವ್ಯಾಗನ್ನು ಸೇರಿದವು. ವಲಾಂ ಕೊಟ್ಟ ಸುಳಿವಿನ ಮೇಲೆ ನೌಕರರು ಇಂದು ಈ ತೊಂದರೆ, ನಾಳೆ ಆ ಕಾಗದಪತ್ರ ಎಂದು ತಡಮಾಡುತ್ತಲೇ ಹೋದರು. (ಕಚೇರಿಗಳ ಪರಿಚಯವಿರುವವರಿಗೆ ಇದನ್ನು ವಿವರಿಸಬೇಕಿಲ್ಲ.) ರೈಲು ಊರಂಚಿನ ಓನೇ ದಾಟಲಿಲ್ಲ. ಅದನ್ನು ವಶಪಡಿಸಿಕೊಂಡ ತುಕಡಿಯ ಲೆಫ್ಟಿನೆಂಟ್ ಅಲೆಕ್ಸಾಂಡರ್ ರೋಸೆನ್‌ಬರ್ಗ್ ಪೆಟ್ಟಿಗೆ ತೆರೆದರೆ, ಒಳಗೆ ತನ್ನ ತಂದೆಯ ಚಿತ್ರಗಳು! ಯುದ್ಧ ಮುಗಿದ ಮೇಲೂ ಕಳವಿನ ಮಾಲನ್ನು ಪತ್ತೆಹಚ್ಚಲು ನೆರವಾದದ್ದು ವಲಾಂಳ ಟಿಪ್ಪಣಿಗಳೇ.

ಈಗ ಮಳಖೇಡಕ್ಕೆ ಬನ್ನಿ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವನ್ನು 972ರಲ್ಲಿ ಮಾಳವದ ಪರಮಾರ ದೊರೆ ಸೀಯಕ ಸೂರೆಮಾಡಿದ. ಧನಪಾಲನೆಂಬ ಕವಿ ತಂಗಿಗಾಗಿ ರಚಿಸಿದ ಪ್ರಾಕೃತ ನಿಘಂಟು ‘ಪಾಇಯಲಚ್ಛಿ’ಯ ಕೊನೆಯಲ್ಲಿ ಆ ವರ್ಷದ ಗುರುತಾಗಿ ಈ ಲೂಟಿಯನ್ನು ನೆನೆದಿದ್ದಾನೆ. ಏನೇನು ಹೋಯಿತೆಂಬ ಪಟ್ಟಿ ಮಾತ್ರ ಅದರಲ್ಲಿಲ್ಲ.

ಸರಿಯಾಗಿ ಸಾವಿರ ವರ್ಷದ ಮೇಲೆ, 1972ರಲ್ಲಿ, ಪ್ರಾಚ್ಯವಸ್ತುಗಳ ಕಾಯಿದೆ ಬಂತು. ನೂರು ವರ್ಷ ದಾಟಿದ ವಿಗ್ರಹವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಆದರೂ ಹೋದರೆ? ಅದು ನಮ್ಮದೆಂದು ತೋರಿಸಬೇಕು. ತಮಿಳುನಾಡಿನ ಶ್ರೀಪುರಂದಾನ್ ಗುಡಿಯ ನಟರಾಜ 2014ರಲ್ಲಿ ಆಸ್ಟ್ರೇಲಿಯಾದಿಂದ ಮರಳಿದ್ದು ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯಲ್ಲಿದ್ದ ಹಳೆಯ ಛಾಯಾಚಿತ್ರಗಳ ಬಲದಿಂದ.

ಮಳಖೇಡದ ನೇಮಿನಾಥ ಬಸದಿಯಲ್ಲಿ 96 ಬಿಂಬಗಳಿರುವ ಪಂಚಲೋಹದ ಪುಟ್ಟ ಮಂಟಪವಿದೆ. ರಜೆಯಲ್ಲಿ ಹೋದರೆ ಹಿರಿಯರ ಅಪ್ಪಣೆ ಪಡೆದು ಒಂದೊಂದನ್ನೂ ಎಣಿಸಿ, ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದುಕೊಳ್ಳಿ.