ಪ್ರಶ್ನೆಯಾದ ಮೇಲಿನ ಮೌನ

ಇಂಗ್ಲಿಷ್ ತರಗತಿಯಲ್ಲಿ ಅಧ್ಯಾಪಕರು ಪ್ರಶ್ನೆ ಕೇಳಿದೊಡನೆ ಕೊಠಡಿಯೆಲ್ಲ ಮೌನವಾಗುವುದು ನಮಗೆಲ್ಲ ಪರಿಚಿತವಾದ ಸಂಗತಿ. ಇದನ್ನು ಅಜ್ಞಾನವೆಂದೋ ಉದಾಸೀನವೆಂದೋ ತಿಳಿಯುವವರುಂಟು. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ, ನಮ್ಮ ಮನೆಯಲ್ಲಿ ಮೊದಲಿಗನಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ನನಗೆ ಈ ಎರಡು ಮಾತೂ ಪೂರ್ತಿ ನಿಜವೆಂದು ತೋರುವುದಿಲ್ಲ.

ಆ ಮೌನದಲ್ಲಿ ನಡೆಯುವ ಕೆಲಸ ಅಲ್ಪವಲ್ಲ. ಕಿವಿಗೆ ಬಿದ್ದ ಮಾತನ್ನು ಬಿಡಿಸಿಕೊಳ್ಳಬೇಕು, ಕನ್ನಡದಲ್ಲಿ ಅರ್ಥಮಾಡಿಕೊಳ್ಳಬೇಕು, ಉತ್ತರ ಹೊಳೆದ ಮೇಲೆ ಇಂಗ್ಲಿಷ್ ಪದಗಳನ್ನು ಹುಡುಕಬೇಕು. ಕನ್ನಡದಲ್ಲಿ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುವ ಕ್ರಿಯಾಪದವನ್ನು ಕರ್ತೃವಿನ ಹಿಂದೆಯೇ ತಂದಿರಿಸಬೇಕು. ಇಷ್ಟಾಗುವುದರೊಳಗೆ ಮುಂದಿನ ಬೆಂಚಿನವರು ಉತ್ತರ ಹೇಳಿ ಮುಗಿಸಿರುತ್ತಾರೆ.

ಅಮೆರಿಕದ ಮೇರಿ ಬಡ್ ರೋ ಎಂಬ ವಿದುಷಿ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳನ್ನು ಕುರಿತು ಬರೆದ ಲೇಖನಗಳಲ್ಲಿ ಒಂದು ಸ್ವಾರಸ್ಯವಾದ ಅಂಶವಿದೆ. ಪ್ರಶ್ನೆ ಕೇಳಿದ ಅಧ್ಯಾಪಕರು ಉತ್ತರಕ್ಕಾಗಿ ಕಾಯುತ್ತಿದ್ದುದು ಸುಮಾರು 1 ಸೆಕೆಂಡು ಮಾತ್ರ. ಅದನ್ನು 3 ಸೆಕೆಂಡಿಗೆ ಹೆಚ್ಚಿಸಿದಾಗ ಉತ್ತರಗಳು ದೀರ್ಘವಾದುವು. ಹಿಂದುಳಿದವರೆನಿಸಿಕೊಂಡ ಮಕ್ಕಳೂ ಬಾಯಿ ತೆರೆದರು. ಹೀಗಿರುವಾಗ, ಪರಭಾಷೆಯಲ್ಲಿ ಉತ್ತರಿಸಬೇಕಾದವರಿಗೆ ಕಾಲಾವಕಾಶ ಎಷ್ಟು ಅವಶ್ಯವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಪ್ರಶ್ನೆಯ ಬಗೆಯೂ ಮುಖ್ಯ. "ಅರ್ಥವಾಯಿತೆ?" ಎಂದರೆ ನಾವೆಲ್ಲ ಒಕ್ಕೊರಲಿನಿಂದ "ಯೆಸ್ ಸರ್" ಎನ್ನುತ್ತೇವೆ. ಆ ಗುಂಪಿನ ದನಿಯಲ್ಲಿ ಅರ್ಥವಾಗದವನೂ ಅಡಗಿಕೊಳ್ಳಬಲ್ಲನು. ಅಧ್ಯಾಪಕರು ತಮಗೆ ತಿಳಿದಿರುವುದನ್ನೇ ಕೇಳಿದಾಗ ಅದು ಪರೀಕ್ಷೆಯೆನಿಸಿ ಅಂಜಿಕೆ ಹೆಚ್ಚುತ್ತದೆ. "ನಿಮ್ಮೂರಿನಲ್ಲಿ ಈ ವರ್ಷ ಏನು ಬೆಳೆದಿದ್ದಾರೆ?" ಎಂದು ಕೇಳಿದರೆ ಹೇಳತಕ್ಕ ವಿಷಯವಾದರೂ ನಮ್ಮಲ್ಲಿರುತ್ತದೆ.

ನಮ್ಮ ನಾಡಿನಲ್ಲಿಯೇ ಇದಕ್ಕೊಂದು ದಾರಿ ತೋರಿದವರು ಎನ್. ಎಸ್. ಪ್ರಭು ಅವರು. 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದ ಅವರ ಪ್ರಯೋಗಕ್ಕೆ 'ಬೆಂಗಳೂರು ಯೋಜನೆ' ಎಂದೇ ಹೆಸರು. ರೈಲಿನ ವೇಳಾಪಟ್ಟಿಯಂಥದನ್ನು ಮುಂದಿಟ್ಟು, ಮೊದಲು ಇಡೀ ತರಗತಿಯೊಡನೆ ಪ್ರಶ್ನೋತ್ತರ ನಡೆಸಿ, ಅನಂತರ ಅಂಥದೇ ಕೆಲಸವನ್ನು ಒಬ್ಬೊಬ್ಬರಿಗೂ ಕೊಡುತ್ತಿದ್ದರು. ಅಲ್ಲಿ ವಾಕ್ಯದ ಅಂದಕ್ಕಿಂತ ಅರ್ಥವೇ ಮೊದಲು.

ಪದೇಪದೇ ಮೌನವಾಗಿ ಕುಳಿತವನನ್ನು ಕ್ರಮೇಣ ಯಾರೂ ಕೇಳುವುದಿಲ್ಲ. ಅವನೂ ತನ್ನ ಸಂದೇಹಗಳನ್ನು ಕೇಳುವುದಿಲ್ಲ. ನಷ್ಟವಾಗುವುದು ಇಂಗ್ಲಿಷ್ ಮಾತ್ರವಲ್ಲ, ವಿದ್ಯೆಯೇ. ಆದುದರಿಂದ ಪೂಜ್ಯ ಅಧ್ಯಾಪಕರಲ್ಲಿ ನನ್ನ ವಿನಂತಿಯಿಷ್ಟೆ: ಇನ್ನೆರಡು ಸೆಕೆಂಡು ಕಾಯಿರಿ. ಸಹಪಾಠಿಗಳಿಗೂ ಒಂದು ಮಾತು: ತಡವರಿಸುವವನನ್ನು ಕಂಡು ನಗದಿರೋಣ, ಒಂದೇ ಪದವಾದರೂ ಸರಿ, ನಾವೂ ಹೇಳಿಬಿಡೋಣ.