ನಿಯಮವೂ ವಿವೇಕವೂ



ಮುಂದಾಳಾದವನು ನಿಯಮಕ್ಕೆ ಕಟ್ಟುಬಿದ್ದು ನಡೆಯಬೇಕೋ, ಸಂದರ್ಭವನ್ನು ನೋಡಿ ನಡೆಯಬೇಕೋ? ಚೀನಾದೇಶದ ಇತಿಹಾಸದಲ್ಲಿ ಇದಕ್ಕೊಂದು ನಿದರ್ಶನವಿದೆ.

ಕ್ರಿ.ಪೂ. 221ರಲ್ಲಿ ಚಿನ್ ರಾಜ್ಯದ ಅರಸನು ಉಳಿದ ರಾಜ್ಯಗಳನ್ನು ಗೆದ್ದು ಮೊದಲ ಚಕ್ರವರ್ತಿಯಾದನು. ಅವನ ಆಡಳಿತದ ಬಲವೆಲ್ಲ ಕಟ್ಟಳೆಯಲ್ಲಿತ್ತು. ತೂಕ, ಅಳತೆ, ಲಿಪಿ, ಬಂಡಿಯ ಅಚ್ಚಿನ ಉದ್ದ ಎಲ್ಲವೂ ದೇಶಕ್ಕೆ ಒಂದೇ ಆಯಿತು. ಇದು ನಿಯಮದ ಗುಣ. ಅದು ಮುಖ ನೋಡಿ ಮಣೆ ಹಾಕುವುದಿಲ್ಲ. ಯಾರು ಏನು ಮಾಡಬೇಕೆಂಬುದು ಮೊದಲೇ ತಿಳಿದಿರುತ್ತದೆ.

ಇನ್ನು ದೋಷವನ್ನು ನೋಡಿರಿ. ಕ್ರಿ.ಪೂ. 209ರಲ್ಲಿ 900 ಜನರನ್ನು ಗಡಿಯ ಕಾವಲಿಗೆ ಕಳುಹಿಸಿದರು. ಮಳೆ ಸುರಿದು ದಾರಿ ಕಟ್ಟಿತು, ಗಡುವು ಮೀರಿತು. ತಡವಾದರೆ ಮರಣದಂಡನೆಯೆಂಬ ಕಟ್ಟಳೆಯಿತ್ತೆಂದು ಇತಿಹಾಸಕಾರ ಸಿಮಾ ಚಿಯಾನನು ಬರೆದಿದ್ದಾನೆ. ಮಳೆ ಬಂದದ್ದು ಅವರ ತಪ್ಪೇ? ಹೇಗೂ ಸಾಯಬೇಕಾದವರು ದಂಗೆಯೆದ್ದರು. ಆ ಕಿಡಿ ನಾಡೆಲ್ಲ ಹಬ್ಬಿ, ಕ್ರಿ.ಪೂ. 206ರ ಹೊತ್ತಿಗೆ ಸಾಮ್ರಾಜ್ಯವೇ ಅಳಿಯಿತು.

ರಾಜಧಾನಿಯನ್ನು ಹಿಡಿದ ಲಿಯು ಬಾಂಗನು ಹಳೆಯ ಕಟ್ಟಳೆಗಳನ್ನು ತೆಗೆದು ಮೂರೇ ವಿಧಿಗಳನ್ನು ಸಾರಿದನು: ಕೊಲೆಗೆ ಮರಣ, ಗಾಯಕ್ಕೂ ಕಳವಿಗೂ ತಕ್ಕ ಶಿಕ್ಷೆ. ಜನ ಸಂತೋಷಪಟ್ಟರು. ಆದರೆ ಮೂರು ವಿಧಿಗಳಿಂದ ರಾಜ್ಯ ನಡೆಯಲಿಲ್ಲ. ಮುಂದೆ ಅವನ ಮಂತ್ರಿ ಶಿಯಾವ್ ಹ ಒಂಬತ್ತು ಅಧ್ಯಾಯಗಳ ಶಾಸನವನ್ನು ರಚಿಸಿದನೆಂದು ಹೇಳುತ್ತಾರೆ.

ಆದ್ದರಿಂದ ನಿಯಮವನ್ನು ಬಿಡಬಾರದು. ವಿವೇಕವನ್ನು ಅದರ ಕೈಗೆ ಒಪ್ಪಿಸಲೂಬಾರದು. ಮನೆಯನ್ನಾಗಲಿ, ಸಂಘವನ್ನಾಗಲಿ, ಶಾಲೆಯನ್ನಾಗಲಿ ನಡೆಸುವವರು ನಿಯಮವನ್ನು ಮೊದಲೇ ತಿಳಿಸಿರಿ, ಎಲ್ಲರಿಗೂ ಒಂದೇ ಇಡಿರಿ. ತಪ್ಪಿದವನು ಎದುರು ನಿಂತಾಗ, ದಂಡವನ್ನು ಹೇಳುವ ಮೊದಲು, ತಡವೇಕಾಯಿತಪ್ಪಾ ಎಂದು ಒಂದು ಮಾತು ಕೇಳಿರಿ.