ಆಟದ ನಡುವೆ ಆಫ್ ಆಗುವ ಕಂಪ್ಯೂಟರ್

ಹಿರಿಯೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಅಭ್ಯಾಸ ಬೋಧನೆ. ಹತ್ತನೇ ತರಗತಿ, ವಿದ್ಯುತ್ ಸಾಮರ್ಥ್ಯದ ಪಾಠ. ಇಸ್ತ್ರಿಪೆಟ್ಟಿಗೆಯ ಉದಾಹರಣೆ ಮುಗಿಸುವಷ್ಟರಲ್ಲಿ ಹುಡುಗನೊಬ್ಬ ಕೇಳಿದ: "ಮಿಸ್, ನಮ್ಮಣ್ಣನ ಕಂಪ್ಯೂಟರ್ ಟೈಪ್ ಮಾಡುವಾಗ ಸರಿಯಿರುತ್ತೆ, ಗೇಮ್ ಹಾಕಿದ್ರೆ ಮಾತ್ರ ಆಫ್ ಆಗುತ್ತೆ. ಯಾಕೆ?"

ಪಾಠ ಯೋಜನೆಯಲ್ಲಿ ಇದಿರಲಿಲ್ಲ. "ಗ್ರಾಫಿಕ್ಸ್ ಕಾರ್ಡ್ ಹಾಳಾಗಿರಬೇಕು" ಎಂದುಬಿಟ್ಟೆ. ನನ್ನ ಊಹೆಯನ್ನು ಅವನು ಉತ್ತರವೆಂದೇ ಬರೆದುಕೊಂಡ. ಹೊಸ ಕಾರ್ಡಿಗೆ ಎಷ್ಟು ಸಾವಿರವಾಗುತ್ತದೆಂದೂ ಕೇಳಿದ. ಆಗ ದಿಗಿಲಾಯಿತು.

ಮರುದಿನ ಕಪ್ಪುಹಲಗೆಯ ಮೇಲೆ ಲೆಕ್ಕಕ್ಕಿಳಿದೆವು. 230 ವೋಲ್ಟಿನಲ್ಲಿ 1000 ವ್ಯಾಟಿನ ಇಸ್ತ್ರಿಪೆಟ್ಟಿಗೆಗೆ ನಾಲ್ಕೂವರೆ ಆಂಪಿಯರ್ ಕೂಡ ಬೇಡ. ಗ್ರಾಫಿಕ್ಸ್ ಕಾರ್ಡಿನ ಎಂಟು ಪಿನ್ನಿನ ತಂತಿಗೆ 150 ವ್ಯಾಟ್ ಮಿತಿ. ಆದರೆ ಅದು 12 ವೋಲ್ಟಿನದು, ಅಂದರೆ 12.5 ಆಂಪಿಯರ್! ಟೈಪ್ ಮಾಡುವಾಗ ಇಷ್ಟು ಬೇಕಿಲ್ಲ. ಆಟದಲ್ಲಿ ಬೇಡಿಕೆ ಏರಿದಾಗ ಹಳೆಯ ಪವರ್ ಸಪ್ಲೈ ತಾಳಲಾರದೆ ಇಡೀ ಯಂತ್ರವೇ ತಟ್ಟನೆ ಆಫ್ ಆಗಬಹುದು. ಕಾರ್ಡ್ ಕೆಟ್ಟಿದ್ದರೆ ಸಾಮಾನ್ಯವಾಗಿ ಪರದೆಯಲ್ಲಿ ಗೆರೆ, ಬಣ್ಣದ ಚೌಕಗಳು ಕಾಣುತ್ತವೆ. ಚಿತ್ರ ಹೋದರೂ ಫ್ಯಾನ್ ತಿರುಗುತ್ತಿರುತ್ತದೆ.

ಲಕ್ಷಣಗಳು ಕೆಲವೊಮ್ಮೆ ಮೋಸ ಮಾಡುತ್ತವೆ. ಆದ್ದರಿಂದ ಮೊದಲು ಧೂಳು, ಸಡಿಲ ತಂತಿ ನೋಡಬೇಕು. ಆಮೇಲೆ ಸಾಕಷ್ಟು ಸಾಮರ್ಥ್ಯದ, ಸರಿಯಿರುವ ಪವರ್ ಸಪ್ಲೈಯನ್ನು ಎರವಲು ತಂದು, ಅದೊಂದನ್ನೇ ಬದಲಿಸಿ, ಅದೇ ಆಟ ಆಡಿಸಬೇಕು. ಕಾರ್ಡನ್ನೂ ಜೊತೆಗೇ ಬದಲಿಸಿದರೆ ಯಂತ್ರ ಸರಿಹೋದೀತು, ಕಾರಣ ತಿಳಿಯದು. ಸಪ್ಲೈ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ ಎಂದು ಎರಡು ಸಲ ಹೇಳಿದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಆವೇಶ ಉಳಿದಿರುತ್ತದೆ.

ವಾರದ ನಂತರ ಹುಡುಗ ನೋಟ್‌ಬುಕ್ ತಂದು ತೋರಿಸಿದ. ನನ್ನ ಮೊದಲ ಉತ್ತರಕ್ಕೆ ಅಡ್ಡಗೆರೆ ಎಳೆದಿದ್ದ. ಕೆಳಗೆ: "ಸಪ್ಲೈ ಬದಲಿಸಿದೆವು. ಕಾರ್ಡ್ ಹಳೆಯದೇ. ಎರಡು ಗಂಟೆ ಆಡಿದೆವು, ಆಫ್ ಆಗಲಿಲ್ಲ."